ನೆರೆಯ ಚರ್ಚುಗಳು ಕೈಜೋಡಿಸಿದರೆ ಸಿಗುವುದೇನು? ಕರಾವಳಿಯ ವಿನ್ಸೆಂಟ್ ದೆ ಪಾವ್ಲ್ ಸೇವೆಯ ವಿಮರ್ಶೆ

18 ಇಂಚು ಸೀಟಿನ ಸಾಮಾನ್ಯ ವ್ಹೀಲ್‌ಚೇರ್‌ನ ಒಟ್ಟು ಅಗಲ, ಕೈಯಲ್ಲಿ ತಿರುಗಿಸುವ ಹೊರ ರಿಂಗ್ ಸೇರಿ, 25ರಿಂದ 26 ಇಂಚು. ಹಳೆಯ ಹಂಚಿನ ಮನೆಯ ಬಚ್ಚಲಿಗೆ 24 ಇಂಚಿನ ಬಾಗಿಲಿದ್ದರೆ ಅದೇ ದೊಡ್ಡದು. ಸೊಂಟ ಮುರಿದುಕೊಂಡು ಆಸ್ಪತ್ರೆಯಿಂದ ಬಂದ ಅಜ್ಜಿಗೆ ಚರ್ಚಿನಿಂದ ಕುರ್ಚಿ ತಂದು ಜಗಲಿಯಲ್ಲಿ ಇಳಿಸಿದ ಮೇಲೆ ಈ ಲೆಕ್ಕ ಹೊಳೆಯುತ್ತದೆ. ಅದೇ ಹೊತ್ತಿಗೆ ಮೂರು ಕಿಲೋಮೀಟರ್ ಆಚೆಯ ಚರ್ಚಿನ ಉಗ್ರಾಣದಲ್ಲಿ 22 ಇಂಚು ಅಗಲದ, ಚಕ್ರವಿರುವ ಕಮೋಡ್ ಕುರ್ಚಿಯೊಂದು ಪ್ಲಾಸ್ಟಿಕ್ ಹೊದ್ದು ನಿಂತಿರುತ್ತದೆ. ಅದು ಅಲ್ಲಿದೆ ಎಂಬುದು ಇಲ್ಲಿಯವರಿಗೆ ಗೊತ್ತಿತ್ತೇ? ನೆರೆಯ ಚರ್ಚುಗಳು ಸೇರಿ ಮಾಡುವ ಸೇವೆಯನ್ನು ಅಳೆಯಲು ಈ ಒಂದು ಪ್ರಶ್ನೆ ಸಾಕು.

ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ದಕ್ಷಿಣ ಕನ್ನಡ, ಉಡುಪಿ ಕಡೆಯ ಕಥೊಲಿಕ್ ಚರ್ಚುಗಳಲ್ಲಿ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ, ಅಂದರೆ ಕಷ್ಟದಲ್ಲಿರುವವರಿಗೆ ನೆರವಾಗುವ ಚರ್ಚಿನ ಜನರ ಸಂಘ, ಅದರ ಹೆಸರಿನಲ್ಲಿ ನಡೆಯುವ ಕೆಲಸವನ್ನು. ದಿನಸಿ, ಔಷಧಿ, ಶಾಲೆಯ ಫೀಸು, ಮಾಡು ಸೋರಿದರೆ ಹಂಚು, ಹಾಸಿಗೆ ಹಿಡಿದವರಿಗೆ ಸಲಕರಣೆ, ಯಾರೂ ಇಲ್ಲದವರಿಗೆ ವಾರಕ್ಕೊಮ್ಮೆ ಮಾತಾಡಲು ಇಬ್ಬರು ಮನುಷ್ಯರು: ಇಷ್ಟು ಇದರ ವ್ಯಾಪ್ತಿ. ಕ್ರೈಸ್ತರಿಗೆ ಮಾತ್ರ ಎಂಬ ತಪ್ಪು ತಿಳಿವಳಿಕೆ ಹಲವರಲ್ಲಿದೆ. ಸಭೆಯ ನಿಯಮದಲ್ಲೇ ಜಾತಿ, ಮತ, ಪಕ್ಷ ನೋಡಬಾರದು ಎಂದಿದೆ. ಪಕ್ಕದ ಮನೆಯ ಕ್ರೈಸ್ತ ಬಾಯಮ್ಮನಿಗೆ ಹೇಳಿದರೂ ಮಾತು ಮುಟ್ಟಬೇಕಾದಲ್ಲಿಗೆ ಮುಟ್ಟುತ್ತದೆ.

ಒಂದು ಚರ್ಚಿನ ಘಟಕಕ್ಕೆ ‘ಕಾನ್ಫರೆನ್ಸ್’ ಎಂದು ಹೆಸರು. ಹೆಸರು ಕೇಳಿ ಎಸಿ ಹಾಲ್ ಕಣ್ಣೆದುರು ಬಂದರೆ ಅದನ್ನು ಬಿಟ್ಟುಬಿಡಿ; ಭಾನುವಾರದ ಪೂಜೆ ಮುಗಿದ ಮೇಲೆ ಮೀಟಿಂಗ್ ರೂಮಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂರುವ ಹತ್ತು ಹನ್ನೆರಡು ಮಂದಿ, ಅಷ್ಟೇ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ, ಜೊತೆಗೆ ಆಧ್ಯಾತ್ಮಿಕ ನಿರ್ದೇಶಕರಾಗಿ ಸಾಮಾನ್ಯವಾಗಿ ಚರ್ಚಿನ ಫಾದರ್. ಕಾನ್ಫರೆನ್ಸ್ ನಡೆಸುವುದು ಫಾದರ್ ಅಲ್ಲ, ಜನರೇ. ಸುತ್ತಲಿನ ಹಲವು ಕಾನ್ಫರೆನ್ಸ್‌ಗಳು ಸೇರಿ ಏರಿಯಾ ಕೌನ್ಸಿಲ್, ಅದರ ಮೇಲೆ ಸೆಂಟ್ರಲ್ ಕೌನ್ಸಿಲ್. ಇದಕ್ಕೆ ಹೊಂದಿಕೊಂಡು ಚರ್ಚಿನದೇ ಇನ್ನೊಂದು ಕಟ್ಟು ಇದೆ: ನೆರೆಯ ಚರ್ಚುಗಳ ಗುಂಪಾದ ವಲಯ, ಕೊಂಕಣಿಯಲ್ಲಿ ವಾರಾಡೊ. 1983ರ ಚರ್ಚ್ ಕಾನೂನಿನ 374ನೇ ಕಲಮಿನಲ್ಲಿ, ಒಟ್ಟಾಗಿ ಕೆಲಸ ಮಾಡುವುದಕ್ಕೆಂದೇ ನೆರೆಯ ಚರ್ಚುಗಳನ್ನು ಹೀಗೆ ಗುಂಪು ಮಾಡಬಹುದು ಎಂದಿದೆ. ಅಂದರೆ ಜಂಟಿ ಸೇವೆಗೆ ಹೊಸ ಟ್ರಸ್ಟ್, ಹೊಸ ಬೋರ್ಡು, ಹೊಸ ಲೆಟರ್‌ಹೆಡ್ ಯಾವುದೂ ಬೇಕಿಲ್ಲ. ಬೇಕಾದ ಕಟ್ಟುಗಳೆಲ್ಲ ಇವೆ. ಅವುಗಳನ್ನು ಬಳಸುವ ಜಾಗದಲ್ಲಿ ವ್ಯತ್ಯಾಸ ಬೀಳುತ್ತದೆ.

ಕೇಳುವುದು ಹೇಗೆ

ದಾರಿ ಎರಡು. ಚರ್ಚಿನ ಕುಟುಂಬವಾದರೆ ವಾಳೆಯ, ಅಂದರೆ ಚರ್ಚಿನ ವಾರ್ಡಿನ, ಗುರಿಕಾರರಿಗೆ ಹೇಳುವುದು. ಹೊರಗಿನವರಾದರೆ ಚರ್ಚ್ ಆಫೀಸಿಗೆ ಹೋಗಿ ‘ವಿನ್ಸೆಂಟ್ ಪಾವ್ಲ್ ಸಭೆಯವರ ನಂಬರ್ ಕೊಡಿ’ ಎಂದು ಕೇಳುವುದು. ಆಫೀಸಿಗೆ ಬೆಳಿಗ್ಗೆ ಹೋಗುವುದು ಒಳ್ಳೆಯದು. ವಾರದಲ್ಲಿ ಒಂದು ದಿನ ಆಫೀಸಿಗೆ ರಜೆ ಇರುತ್ತದೆ, ಅದು ಬಹಳ ಕಡೆ ಭಾನುವಾರ ಅಲ್ಲ. ಅರ್ಜಿ ಬರೆಯಬೇಕಿಲ್ಲ. ರೇಷನ್ ಕಾರ್ಡ್, ಆಸ್ಪತ್ರೆಯದ್ದಾದರೆ ಡಿಸ್ಚಾರ್ಜ್ ಸಮ್ಮರಿ, ಔಷಧಿಯದ್ದಾದರೆ ಡಾಕ್ಟರ ಚೀಟಿ ಮತ್ತು ಖಾಲಿಯಾದ ಮಾತ್ರೆ ಸ್ಟ್ರಿಪ್ಪು ತೆಗೆದುಕೊಂಡು ಹೋದರೆ ಒಂದು ಸುತ್ತು ಓಡಾಟ ಉಳಿಯುತ್ತದೆ. ಖಾಲಿ ಸ್ಟ್ರಿಪ್ಪೇ ಏಕೆಂದರೆ ಚೀಟಿಯ ಮೇಲಿನ ಅಕ್ಷರ ಡಾಕ್ಟರಿಗೂ ಮೆಡಿಕಲ್ ಅಂಗಡಿಗೂ ನಡುವಿನ ಗುಟ್ಟು.

ಕಾಯುವ ಅವಧಿಯಲ್ಲಿ ಈ ಸೇವೆ ಸೋಲುತ್ತದೆ. ಕಾನ್ಫರೆನ್ಸ್ ವಾರಕ್ಕೊಮ್ಮೆ ಸೇರುವ ಕಡೆ ಏಳೆಂಟು ದಿನದಲ್ಲಿ ಉತ್ತರ ಬರುತ್ತದೆ. ಹದಿನೈದು ದಿನಕ್ಕೊಮ್ಮೆ ಸೇರುವ ಕಡೆ, ಮೀಟಿಂಗ್ ಮುಗಿದ ಮರುದಿನ ಕೇಳಿದವರ ಗತಿ ಹೇಳಬೇಕಿಲ್ಲ. ಒಳ್ಳೆಯ ಘಟಕಗಳು ಇದಕ್ಕೊಂದು ಉಪಾಯ ಮಾಡಿಕೊಂಡಿವೆ: ತುರ್ತಿಗೆಂದು ಒಂದು ಸಣ್ಣ ಮೊತ್ತವನ್ನು ಅಧ್ಯಕ್ಷರ ಕೈಯಲ್ಲಿ ಬಿಡುವುದು, ಲೆಕ್ಕವನ್ನು ಮುಂದಿನ ಮೀಟಿಂಗ್‌ನಲ್ಲಿ ಒಪ್ಪಿಸುವುದು. ಜಂಟಿಯಾಗಿ ನಡೆಯುವ ವಲಯದಲ್ಲಿ ಇದಕ್ಕಿಂತ ಸರಳ ದಾರಿಯೊಂದಿದೆ, ಆದರೂ ಅದನ್ನು ಹಿಡಿದವರು ಕಡಿಮೆ. ನಾಲ್ಕು ಚರ್ಚುಗಳು ನಾಲ್ಕು ಬೇರೆ ಬೇರೆ ವಾರದಲ್ಲಿ ಮೀಟಿಂಗ್ ಇಟ್ಟುಕೊಂಡರೆ, ಯಾವ ವಾರ ಬಂದ ಬೇಡಿಕೆಯೂ ಏಳು ದಿನದೊಳಗೆ ಯಾರದೋ ಮೇಜಿನ ಮೇಲೆ ಬೀಳುತ್ತದೆ. ಖರ್ಚು ಸೊನ್ನೆ.

ಕೇಳಿದ ಕೂಡಲೇ ಕೊಡುವುದಿಲ್ಲ ಎಂಬ ಆಕ್ಷೇಪ ಸಾಮಾನ್ಯ. ಮೊದಲು ಮನೆಗೆ ಬರುತ್ತಾರೆ, ಇಬ್ಬರು. ಒಬ್ಬರೇ ಬರುವುದಿಲ್ಲ, ಮೂವರೂ ಇಲ್ಲ. ಒಬ್ಬರು ಮಾತಾಡುವಾಗ ಇನ್ನೊಬ್ಬರು ನೋಡುತ್ತಾರೆ: ಒಲೆಯಲ್ಲಿ ಬೆಂಕಿ ಇದೆಯೇ, ನೀರು ಎಲ್ಲಿಂದ ಬರುತ್ತದೆ, ಎಷ್ಟು ಚಾಪೆ ಸುತ್ತಿಟ್ಟಿದ್ದಾರೆ, ಶೌಚಾಲಯಕ್ಕೆ ಎಷ್ಟು ಮೆಟ್ಟಿಲು. ಹಣಕಾಸಿನ ಮಾತು ಬಂದಾಗ ಒಬ್ಬರ ಮಾತಿಗೆ ಇನ್ನೊಬ್ಬರು ಸಾಕ್ಷಿ. ಒಂಟಿ ಹೆಂಗಸಿನ ಮನೆಯಾದರೆ ಇಬ್ಬರಲ್ಲಿ ಒಬ್ಬರು ಹೆಂಗಸು. ಮೊದಲ ಭೇಟಿಗೆ ಖಾಲಿ ಕೈಯಲ್ಲಿ ಬರುವುದು ಸರಿಯಾದ ಕ್ರಮ ಎಂದು ನಮ್ಮ ಅಭಿಪ್ರಾಯ. ಕಿಟ್ ಹಿಡಿದು ಬಂದರೆ ಮನೆಯವರು ಕಿಟ್ಟಿಗೆ ತಕ್ಕ ಕಷ್ಟವನ್ನಷ್ಟೇ ಹೇಳುತ್ತಾರೆ. ದಿನಸಿ ಕೇಳಿದ ಮನೆಯಲ್ಲಿ ನಿಜವಾದ ತಾಪತ್ರಯ ಮಗನ ಕುಡಿತವೋ, ನಿಂತುಹೋದ ಪಿಂಚಣಿಯೋ ಆಗಿರುತ್ತದೆ. ಅದು ಬಾಯಿಗೆ ಬರಲು ಅರ್ಧ ಗಂಟೆ ಬೇಕು.

ಈ ಮನೆಭೇಟಿ ಸಭೆಯ ಮೂಲದಿಂದಲೇ ಬಂದದ್ದು. 1833ರ ಏಪ್ರಿಲ್ 23ರಂದು ಪ್ಯಾರಿಸ್‌ನಲ್ಲಿ, ತನ್ನ ಇಪ್ಪತ್ತನೆಯ ಹುಟ್ಟುಹಬ್ಬದ ದಿನವೇ ಫ್ರೆಡರಿಕ್ ಓಝಾನಮ್ ಕೆಲವು ವಿದ್ಯಾರ್ಥಿ ಗೆಳೆಯರೊಂದಿಗೆ ಸೇರಿ ಇದನ್ನು ಆರಂಭಿಸಿದಾಗ, ಬಡವರ ಮನೆಯೊಳಗೆ ಹೇಗೆ ಕಾಲಿಡಬೇಕು ಎಂದು ಹೇಳಿಕೊಟ್ಟವರು ರೋಸಲಿ ರಾಂದು ಎಂಬ ಸಿಸ್ಟರ್. ಈಗ 150ರಷ್ಟು ದೇಶಗಳಲ್ಲಿ ಕೆಲಸ ಇದೇ ಕ್ರಮದಲ್ಲಿ ಸಾಗುತ್ತದೆ. ಸೇವೆಯ ಬೇರೆ ಯಾವ ಭಾಗಕ್ಕೆ ಎಷ್ಟೇ ಅಂಕ ಕೊಡಲಿ, ಮನೆಭೇಟಿಗೆ ಐದಕ್ಕೆ ನಾಲ್ಕೂವರೆ. ಅರ್ಧ ಅಂಕ ಹೋಗುವುದು ಮೊಬೈಲಿಗೆ. ಕಿಟ್ ಹಸ್ತಾಂತರದ ಫೋಟೊ ತೆಗೆದು ಚರ್ಚಿನ ವಾಟ್ಸಾಪ್ ಗುಂಪಿಗೆ ಹಾಕುವ ಚಾಳಿ ಕೆಲವು ಕಡೆ ಇದೆ. ಸಣ್ಣ ಊರು, ಆ ಫೋಟೊ ಮರುದಿನ ಮಗಳ ಶಾಲೆಯ ಬಸ್ಸಿನಲ್ಲಿರುತ್ತದೆ. ಕೊಟ್ಟದ್ದಕ್ಕೆ ಸಾಕ್ಷಿ ಬೇಕಿದ್ದರೆ ರಿಜಿಸ್ಟರಿನಲ್ಲಿ ಒಂದು ಸಹಿ ಸಾಕು.

ದಿನಸಿ ಕಿಟ್

ಸೇವೆಯಲ್ಲಿ ಹೆಚ್ಚು ಕಣ್ಣಿಗೆ ಬೀಳುವುದೂ ಹೆಚ್ಚು ಎಡವುವುದೂ ಇದೇ. ನಾಲ್ವರ ಮನೆಗೆ ಒಂದು ತಿಂಗಳಿಗೆ ಉಪಯೋಗಕ್ಕೆ ಬರುವ ಕಿಟ್ ಸುಮಾರು ಹೀಗಿರಬೇಕು: ಕುಚ್ಚಲಕ್ಕಿ (ಭತ್ತ ಬೇಯಿಸಿ ಮಾಡಿದ ಅಕ್ಕಿ) 10 ಕಿಲೊ, ತೊಗರಿಬೇಳೆ 2 ಕಿಲೊ, ಹೆಸರುಕಾಳು ಅಥವಾ ಕಡಲೆ 1 ಕಿಲೊ, ಎಣ್ಣೆ 2 ಲೀಟರ್, ಸಕ್ಕರೆ 2 ಕಿಲೊ, ಚಾಹುಡಿ ಅರ್ಧ ಕಿಲೊ, ಉಪ್ಪು, ಮೆಣಸು, ಕೊತ್ತಂಬರಿ, ಬಟ್ಟೆ ಸೋಪು, ಮೈಸೋಪು. ಹೆಣ್ಣುಮಕ್ಕಳಿರುವ ಮನೆಗೆ ಪ್ಯಾಡ್. ಇದನ್ನು ಕೇಳಲು ನಾಚುತ್ತಾರೆ, ಹಾಗಾಗಿ ಕೇಳದೆಯೇ ಇಡಬೇಕು.

ಅಕ್ಕಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ರೇಷನ್‌ನಲ್ಲಿ ಹೆಚ್ಚಾಗಿ ಬೆಳ್ತಿಗೆ, ಅಂದರೆ ಬೇಯಿಸದ ಭತ್ತದ ಬಿಳಿ ಅಕ್ಕಿ, ಬರುತ್ತದೆ, ಕರಾವಳಿಯ ಮನೆಗಳ ಗಂಜಿಗೆ, ಊಟಕ್ಕೆ ಬೇಕಾದದ್ದು ಕುಚ್ಚಲಕ್ಕಿ. ಬೆಳ್ತಿಗೆ ದೋಸೆಗೆ, ಕಡುಬಿಗೆ ಆಗುತ್ತದೆ. ಉಳಿದದ್ದು ಅಂಗಡಿಗೆ ಹೋಗುತ್ತದೆ. ಹೀಗಿರುವಾಗ ಕಿಟ್‌ನಲ್ಲೂ ಬೆಳ್ತಿಗೆಯನ್ನೇ ತುಂಬಿಸಿ ಕೊಟ್ಟರೆ ಅದು ದಾನಿಯ ಅನುಕೂಲವೇ ಹೊರತು ಮನೆಯವರದ್ದಲ್ಲ. ಇದರ ತದ್ವಿರುದ್ಧ ತಪ್ಪೂ ಇದೆ: ಬಾಗಲಕೋಟೆ, ಕೊಪ್ಪಳ ಕಡೆಯಿಂದ ಕೂಲಿಗೆ ಬಂದು ಬಾಡಿಗೆ ಕೋಣೆಯಲ್ಲಿರುವ ಕುಟುಂಬಕ್ಕೆ ಕುಚ್ಚಲಕ್ಕಿ. ಅವರಿಗೆ ಬೇಕಾದದ್ದು ಜೋಳದ ಹಿಟ್ಟು. ‘ಕೊಟ್ಟದ್ದನ್ನು ತಿನ್ನಲಿಕ್ಕೆ ಏನು ಧಾಡಿ’ ಎನ್ನುವವರು ಯಾವ ಸಮಿತಿಯಲ್ಲೂ ಒಬ್ಬರಾದರೂ ಇರುತ್ತಾರೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಗ್ರಾಣದ್ದೇ ಬೇರೆ ಕಥೆ. ನೆಲಕ್ಕೆ ತಾಗಿಸಿಟ್ಟ ಅಕ್ಕಿ ಮೂಟೆ ತೇವ ಎಳೆದು ಹುಳ ಹಿಡಿಯುತ್ತದೆ, ಬೆಲ್ಲ ನೀರು ಬಿಡುತ್ತದೆ, ಅವಲಕ್ಕಿ ಮೆತ್ತಗಾಗಿ ಮುಗ್ಗಲು ವಾಸನೆ ಬರುತ್ತದೆ. ಮರದ ಹಲಗೆ ಹಾಕಿ, ಗೋಡೆಯಿಂದ ಅರ್ಧ ಅಡಿ ಬಿಟ್ಟು ಇಡಬೇಕು. ಮಳೆಗಾಲದಲ್ಲಿ ಹದಿನೈದು ದಿನಕ್ಕಿಂತ ಹೆಚ್ಚಿನ ದಾಸ್ತಾನು ಬೇಡವೇ ಬೇಡ. ನಾಲ್ಕು ಚರ್ಚುಗಳು ನಾಲ್ಕು ಉಗ್ರಾಣ ಇಡುವ ಬದಲು, ಒಣ ಕೋಣೆ ಇರುವ ಒಂದೇ ಚರ್ಚಿನಲ್ಲಿ ಇಟ್ಟು, ತಿಂಗಳಿಗೊಂದು ದಿನ ಗೂಡ್ಸ್ ರಿಕ್ಷಾದಲ್ಲಿ ಹಂಚುವುದು ಎಲ್ಲ ದೃಷ್ಟಿಯಿಂದಲೂ ಲಾಭ. ಮೂಟೆ ಲೆಕ್ಕದಲ್ಲಿ ಕೊಂಡರೆ ಅಂಗಡಿಯವರ ದರವೂ ಇಳಿಯುತ್ತದೆ.

ಎಲ್ಲಕ್ಕಿಂತ ದೊಡ್ಡ ತೊಂದರೆ ತಿಂಗಳ ಲೆಕ್ಕದಲ್ಲಿದೆ. ದಾನ ಹರಿದುಬರುವುದು ಕ್ರಿಸ್ಮಸ್‌ಗೆ, ಆಮೇಲೆ ಈಸ್ಟರ್ ಮುಂಚಿನ ತಪಸ್ಸು ಕಾಲದಲ್ಲಿ. ಕಷ್ಟ ಬರುವುದು ಜೂನ್, ಜುಲೈಯಲ್ಲಿ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟಿನವರಿಗೆ ಕೆಲಸ ಇಲ್ಲ, ಮಂಜುಗಡ್ಡೆ ಘಟಕದವರಿಗಿಲ್ಲ, ಮೀನು ಮಾರುವ ಹೆಂಗಸರಿಗಿಲ್ಲ. ಮೇಸ್ತ್ರಿ, ಗಾರೆ ಕೆಲಸವೂ ಮಳೆಗೆ ನಿಲ್ಲುತ್ತದೆ. ಅದೇ ವಾರ ಶಾಲೆ ಶುರು. ಆಟಿ ತಿಂಗಳು ಎಂದರೆ ಹಸಿವಿನ ತಿಂಗಳು ಎಂದು ತುಳುನಾಡಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೂ ಡಿಸೆಂಬರ್ 23ಕ್ಕೆ ಒಂದೇ ಮನೆಗೆ ಮೂರು ಚರ್ಚಿನಿಂದ ಮೂರು ಕೇಕು, ಮೂರು ಕಿಟ್. ಜುಲೈ 15ಕ್ಕೆ ಒಂದೂ ಇಲ್ಲ.

ಇದು ಇಂದಿನ ರೋಗವಲ್ಲ. 1617ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಶಾತಿಯೋಂ ಎಂಬ ಊರಿನಲ್ಲಿ, ಆಗ ಅಲ್ಲಿನ ಗುರುವಾಗಿದ್ದ ವಿನ್ಸೆಂಟ್ ದೆ ಪಾವ್ಲ್, ಮನೆಮಂದಿಯೆಲ್ಲ ಕಾಯಿಲೆ ಬಿದ್ದ ಒಂದು ಕುಟುಂಬದ ವಿಷಯವನ್ನು ಪೂಜೆಯ ಪ್ರವಚನದಲ್ಲಿ ಎತ್ತಿದರು. ಮಧ್ಯಾಹ್ನ ಅವರೇ ನೋಡಲು ಹೊರಟರೆ ದಾರಿಯುದ್ದಕ್ಕೂ ಜನ, ಎಲ್ಲರ ಕೈಯಲ್ಲೂ ಊಟ. ಇವತ್ತು ತಿಂದು ಮುಗಿಸಲಾಗದಷ್ಟು. ಉಳಿದದ್ದು ಕೆಟ್ಟು ಹೋಗುತ್ತದೆ, ನಾಳೆ ಮತ್ತೆ ಉಪವಾಸ. ಅವರು ಮಾಡಿದ್ದು ಇಷ್ಟೇ: ಊರಿನ ಹೆಂಗಸರನ್ನು ಕೂರಿಸಿ, ಯಾವ ದಿನ ಯಾರ ಸರದಿ ಎಂದು ಪಟ್ಟಿ ಬರೆದರು. ಸಭೆಗೆ ಅವರ ಹೆಸರಿಟ್ಟುಕೊಂಡವರು ಆ ಸರದಿ ಪಟ್ಟಿಯನ್ನು ಮರೆತರೆ ಹೇಗೆ?

ಪಟ್ಟಿ

ಜಂಟಿ ಎಂದ ಕೂಡಲೇ ಎಲ್ಲರೂ ಹಣ ಕೂಡಿಸುವ ಮಾತಾಡುತ್ತಾರೆ. ಅಲ್ಲಿಗೆ ಜಗಳವೂ ಶುರು: ದೊಡ್ಡ ಚರ್ಚಿನವರಿಗೆ ತಮ್ಮ ದುಡ್ಡು ಹೋಗುತ್ತದೆಂಬ ಅಳುಕು, ಸಣ್ಣ ಚರ್ಚಿನವರಿಗೆ ತಮ್ಮ ಮಾತು ನಡೆಯುವುದಿಲ್ಲವೆಂಬ ಮುನಿಸು. ಹಣ ಅವರವರ ಖಾತೆಯಲ್ಲೇ ಇರಲಿ. ಮೊದಲು ಕೂಡಬೇಕಾದದ್ದು ಪಟ್ಟಿ. ಯಾವ ಮನೆಗೆ, ಯಾವ ಚರ್ಚು, ಯಾವ ದಿನ, ಏನು ಕೊಟ್ಟಿತು, ಮುಂದಿನ ಭೇಟಿ ಯಾವಾಗ: ಐದು ಕಾಲಂ. ಇದಿಷ್ಟನ್ನು ಮಾಡಿದ ವಲಯದಲ್ಲಿ ಒಂದೇ ಮನೆಗೆ ಮೂರು ಕಿಟ್ ಹೋಗುವುದು ಆ ತಿಂಗಳಿಗೇ ನಿಲ್ಲುತ್ತದೆ, ಉಳಿದ ಎರಡು ಕಿಟ್ ಯಾರಿಗೂ ಕಾಣದ ಮನೆಗೆ ತಲುಪುತ್ತದೆ.

ಪಟ್ಟಿಯನ್ನು ಹೆಸರಿನ ಮೇಲೆ ಮಾಡಬಾರದು. ಒಂದು ವಲಯದಲ್ಲಿ ಮೇರಿ ಡಿಸೋಜ ಎಂಬ ಹೆಸರಿನವರು ಎಷ್ಟು ಮಂದಿ ಎಂದು ಯಾವ ಗುರಿಕಾರರನ್ನು ಕೇಳಿದರೂ ನಗುತ್ತಾರೆ. ಲೀನಾ, ಲಿಲ್ಲಿ, ಲಿಲಿಯನ್ ಮೂವರೂ ಒಬ್ಬರೇ ಆಗಿರಬಹುದು, ಮೂವರೇ ಆಗಿರಲೂಬಹುದು. ರೇಷನ್ ಕಾರ್ಡಿನ ಕೊನೆಯ ನಾಲ್ಕು ಅಂಕಿ ಮತ್ತು ಮನೆಯ ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿ ಸೇರಿಸಿದರೆ ಗೊಂದಲ ಇಲ್ಲ. ಪಟ್ಟಿ ಯಾರ ಕೈಗಾದರೂ ಸಿಕ್ಕಿದರೂ ಅದು ಯಾರ ಮನೆ ಎಂದು ತಿಳಿಯುವುದಿಲ್ಲ. ಪ್ರತಿ ಚರ್ಚಿನಿಂದ ಇಬ್ಬರ ಬಳಿ ಮಾತ್ರ ಪೂರ್ತಿ ಪಟ್ಟಿ ಇರಲಿ. ಎಕ್ಸೆಲ್ ಹಾಳೆಯನ್ನು ಗುಂಪಿಗೆ ಫಾರ್ವರ್ಡ್ ಮಾಡಿದ ದಿನ ಆ ವ್ಯವಸ್ಥೆಯ ಕಥೆ ಮುಗಿಯಿತು ಎಂದೇ ಲೆಕ್ಕ; ಮತ್ತೆ ಯಾರೂ ಬಾಯಿಬಿಟ್ಟು ಕಷ್ಟ ಹೇಳಿಕೊಳ್ಳುವುದಿಲ್ಲ.

ಇಷ್ಟು ಸುಲಭವಾದದ್ದು ಏಕೆ ಆಗುವುದಿಲ್ಲ? ಚರ್ಚಿನ ಗಡಿ. ಪ್ರತಿ ಚರ್ಚಿಗೂ ತನ್ನ ಭೂವ್ಯಾಪ್ತಿ ಇದೆ, ಅದರೊಳಗಿನ ಕುಟುಂಬಗಳ ದಾಖಲೆ ಇದೆ. ಆದರೆ ಬಾಡಿಗೆ ಮನೆಯವರು ಹನ್ನೊಂದು ತಿಂಗಳಿಗೊಮ್ಮೆ ಗಡಿ ದಾಟುತ್ತಾರೆ. ದಾಖಲೆ ಹಳೆಯ ಚರ್ಚಿನಲ್ಲಿ, ಹಸಿವು ಹೊಸ ಚರ್ಚಿನಲ್ಲಿ. ‘ಅವರು ನಮ್ಮವರಲ್ಲ, ಅಲ್ಲಿ ಕೇಳಲಿ’ ಎಂದು ಇವರು. ‘ಈಗ ಅಲ್ಲಿದ್ದಾರಲ್ಲ’ ಎಂದು ಅವರು. ದೊಡ್ಡ ಆಸ್ಪತ್ರೆಯ ಪಕ್ಕದ ಚರ್ಚುಗಳಿಗೆ ಇದರ ಬಿಸಿ ಹೆಚ್ಚು: ದೂರದ ತಾಲೂಕಿನಿಂದ ರೋಗಿಯ ಜೊತೆ ಬಂದವರು ಊಟಕ್ಕೆ, ಮಲಗುವುದಕ್ಕೆ ಹುಡುಕಿಕೊಂಡು ಬರುತ್ತಾರೆ. ಸರಿಯಾದ ಕ್ರಮ ಒಂದೇ. ಇವತ್ತು ಯಾರ ವ್ಯಾಪ್ತಿಯಲ್ಲಿ ಮಲಗುತ್ತಾರೋ ಅವರು ಮೊದಲು ನೋಡುವುದು, ಆಮೇಲೆ ಊರಿನ ಚರ್ಚಿಗೆ ಫೋನ್ ಮಾಡಿ ಮುಂದಿನದ್ದನ್ನು ಒಪ್ಪಿಸುವುದು.

ಬೆಳ್ತಂಗಡಿ, ಪುತ್ತೂರು, ಸುಳ್ಯ ಕಡೆ ಇನ್ನೊಂದು ಪದರ ಇದೆ. ಒಂದೇ ಪೇಟೆಯ ಆಸುಪಾಸಿನಲ್ಲಿ ಕೊಂಕಣಿ ಮಾತಾಡುವ ಲ್ಯಾಟಿನ್ ಚರ್ಚು, ಮಲಯಾಳದ ಸಿರೋ ಮಲಬಾರ್ ಚರ್ಚು, ಕೆಲವು ಕಡೆ ಸಿರೋ ಮಲಂಕರ ಚರ್ಚೂ ಇರುತ್ತವೆ. ಮೂರೂ ಕಥೊಲಿಕ್ ಆದರೂ ಬಿಷಪರು ಬೇರೆ: ಸಿರೋ ಮಲಬಾರ್‌ನವರ ಬೆಳ್ತಂಗಡಿ ಧರ್ಮಪ್ರಾಂತ್ಯ 1999ರಲ್ಲಿ, ಸಿರೋ ಮಲಂಕರದವರ ಪುತ್ತೂರು ಧರ್ಮಪ್ರಾಂತ್ಯ 2010ರಲ್ಲಿ ಆದವು. ಹಾಗಾಗಿ ವಲಯದ ಮೀಟಿಂಗ್‌ಗೆ ಇವರು ಒಟ್ಟಿಗೆ ಬರುವುದಿಲ್ಲ. ರಬ್ಬರ್ ಟ್ಯಾಪಿಂಗ್ ಮಾಡುವಾತ ಬಿದ್ದು ಕಾಲು ಮುರಿದುಕೊಂಡರೆ ಆತನಿಗೆ ಯಾವ ರೀತಿಯ ಪೂಜೆಗೆ ಹೋಗುತ್ತೀ ಎಂಬ ಪ್ರಶ್ನೆಯಿಂದ ಏನೂ ಆಗಬೇಕಿಲ್ಲ. ಇಲ್ಲಿ ಮೇಲಿನವರ ಸುತ್ತೋಲೆಗೆ ಕಾಯದೆ ಕಾರ್ಯದರ್ಶಿಗಳಿಬ್ಬರು ನೇರ ಫೋನಿನಲ್ಲಿ ಮಾತಾಡಿಕೊಳ್ಳುವುದೇ ನಡೆಯುವ ದಾರಿ.

ಸಭೆಯ ಇತಿಹಾಸದಲ್ಲಿ ಬೇರೆಯಾಗುವುದೋ ಕೂಡಿರುವುದೋ ಎಂಬ ಈ ತಕರಾರು ಹುಟ್ಟಿನಿಂದಲೇ ಇದೆ ಎನ್ನುವುದು ಒಂದು ಸಮಾಧಾನ. ಆರಂಭವಾದ ಎರಡು ವರ್ಷದೊಳಗೆ ಸದಸ್ಯರು ನೂರು ದಾಟಿದಾಗ ಓಝಾನಮ್ ಗುಂಪನ್ನು ಒಡೆಯೋಣ ಎಂದರು. ಗೆಳೆಯರು ಬಿಲ್‌ಕುಲ್ ಒಪ್ಪಲಿಲ್ಲ. ಕೊನೆಗೆ 1835ರಲ್ಲಿ ಸೇಂತ್ ಎತಿಯೆನ್ ದ್ಯು ಮೋಂ ಮತ್ತು ಸೇಂ ಸುಲ್ಪೀಸ್ ಎಂಬ ಎರಡು ಚರ್ಚುಗಳ ಹೆಸರಿನಲ್ಲಿ ಎರಡು ಕಾನ್ಫರೆನ್ಸ್ ಆದವು. ಒಡೆದದ್ದು ಕೆಲಸ ಹತ್ತಿರವಾಗಲಿ ಎಂದು. ಕೂಡಿಸಿಟ್ಟದ್ದು ಮಾಹಿತಿ ಹರಿಯಲಿ ಎಂದು.

ಎರವಲು ಸಲಕರಣೆ

ವ್ಹೀಲ್‌ಚೇರ್ ಬಗ್ಗೆ ಹೇಳಿಯಾಯಿತು. ತಲೆ, ಕಾಲಿನ ಭಾಗ ಎತ್ತಬಹುದಾದ ಫೌಲರ್ ಮಂಚ, ವಾಕರ್, ಗಾಳಿ ಹಾಸಿಗೆ, ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಕೊಡುವ ಆಕ್ಸಿಜನ್ ಕಾನ್ಸಂಟ್ರೇಟರ್ ಕೂಡ ಹಲವು ಕಡೆ ಸಿಗುತ್ತವೆ, ಬಾಡಿಗೆ ಇಲ್ಲ. ಸರ್ಜಿಕಲ್ ಅಂಗಡಿಯ ತಿಂಗಳ ಬಾಡಿಗೆಗೆ ಹೋಲಿಸಿದರೆ ಬಡವರಿಗಷ್ಟೇ ಅಲ್ಲ, ಮಧ್ಯಮ ವರ್ಗಕ್ಕೂ ಇದು ದೊಡ್ಡ ಉಪಕಾರ. ಕೊರತೆ ಇರುವುದು ಬಳಸುವುದನ್ನು ಹೇಳಿಕೊಡುವುದರಲ್ಲಿ.

ಗಾಳಿ ಹಾಸಿಗೆಯನ್ನೇ ತೆಗೆದುಕೊಳ್ಳಿ. ಸಾಲು ಸಾಲು ಗಾಳಿ ಕೋಣೆಗಳು ಸುಮಾರು ಹತ್ತು ನಿಮಿಷಕ್ಕೊಮ್ಮೆ ಒಂದು ಬಿಟ್ಟು ಒಂದು ಉಬ್ಬಿ ಇಳಿಯುತ್ತವೆ, ಹಾಗಾಗಿ ಮೈಯ ಒಂದೇ ಜಾಗದ ಮೇಲೆ ಭಾರ ನಿಲ್ಲುವುದಿಲ್ಲ. ಮನೆಯವರು ಮಾಡುವ ಮೊದಲ ತಪ್ಪು ಪಂಪಿನ ಗುಂಡಿಯನ್ನು ಪೂರ್ತಿ ತಿರುಗಿಸಿ ಇಡುವುದು. ಹಾಸಿಗೆ ಹಲಗೆಯಂತಾಗುತ್ತದೆ, ಹುಣ್ಣು ತಡೆಯುವ ಬದಲು ತರಿಸುತ್ತದೆ. ಸರಿ ಇದೆಯೇ ಎಂದು ನೋಡಲು ರೋಗಿಯ ಸೊಂಟದ ಕೆಳಗೆ, ಹಾಸಿಗೆಯ ಅಡಿಯಿಂದ ಅಂಗೈ ತೂರಿಸಬೇಕು. ಸೊಂಟಕ್ಕೂ ಕೈಗೂ ನಡುವೆ ಒಂದು ಇಂಚಿನಷ್ಟು ಗಾಳಿ ಇರಬೇಕು. ಎರಡನೆಯ ತಪ್ಪು, ಮೆತ್ತಗಿರಲಿ ಎಂದು ಮೇಲೆ ದಪ್ಪ ಕಂಬಳಿ, ರಬ್ಬರ್ ಶೀಟು, ಅದರ ಮೇಲೆ ಇನ್ನೊಂದು ಬೆಡ್‌ಶೀಟು ಹಾಸುವುದು. ತೆಳು ಬಟ್ಟೆ ಒಂದೇ, ಅದೂ ಬಿಗಿಯದೆ. ಸೇಫ್ಟಿ ಪಿನ್ನು, ಬೆಕ್ಕು ಎರಡನ್ನೂ ದೂರ ಇಡಬೇಕು. ಕರೆಂಟ್ ಹೋದರೆ ಪೈಪುಗಳನ್ನು ಪಂಪಿನಿಂದ ಕಳಚಿ ಮಡಚಿ ಕಟ್ಟಿದರೆ ಗಾಳಿ ಕೆಲವು ಗಂಟೆ ಒಳಗೇ ಉಳಿಯುತ್ತದೆ. ಮತ್ತೆ, ಇದಿದೆ ಎಂದು ರೋಗಿಯನ್ನು ಮಗ್ಗುಲು ಬದಲಿಸದೆ ಬಿಡುವಂತಿಲ್ಲ. ಎರಡು ಗಂಟೆಗೊಮ್ಮೆ ಮಾಡಲೇಬೇಕು.

ಕಾನ್ಸಂಟ್ರೇಟರ್ ವಿಷಯದಲ್ಲಿ ಯಾರೂ ಮೊದಲೇ ಹೇಳದ ಲೆಕ್ಕವೊಂದಿದೆ. ನಿಮಿಷಕ್ಕೆ 5 ಲೀಟರಿನ ಯಂತ್ರ ಸುಮಾರು 350 ವ್ಯಾಟ್ ಎಳೆಯುತ್ತದೆ. ದಿನವಿಡೀ ಓಡಿದರೆ 8.4 ಯೂನಿಟ್, ತಿಂಗಳಿಗೆ 252. ಗೃಹಜ್ಯೋತಿಯ ಮಿತಿ 200 ಯೂನಿಟ್; ದಾಟಿದ ತಿಂಗಳು ಪೂರ್ತಿ ಬಿಲ್ಲನ್ನು ಮನೆಯವರೇ ಕಟ್ಟಬೇಕು. ಉಚಿತವಾಗಿ ಕೊಟ್ಟ ಯಂತ್ರ ಬಡವರ ಮನೆಗೆ ದೊಡ್ಡ ಬಿಲ್ಲು ತರುತ್ತದೆ. ಯಂತ್ರ ಕೊಡುವ ಕಾನ್ಫರೆನ್ಸ್ ಕರೆಂಟ್ ಬಿಲ್ಲಿಗೂ ಹಣ ತೆಗೆದಿಡಬೇಕು, ಕನಿಷ್ಠ ಮೊದಲೇ ತಿಳಿಸಬೇಕು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಯಂತ್ರ ನಿಂತಿತೆಂದೇ ಅರ್ಥ. ಪಕ್ಕದಲ್ಲಿ 1,500 ಲೀಟರ್ ಹಿಡಿಯುವ ಬಿ ಟೈಪ್ ಸಿಲಿಂಡರ್ ಇರಲೇಬೇಕು. ನಿಮಿಷಕ್ಕೆ 2 ಲೀಟರಿನಂತೆ ಅದು ಹನ್ನೆರಡು ಗಂಟೆ ಬರುತ್ತದೆ. ಪ್ರತಿ ಚರ್ಚೂ ಒಂದೊಂದು ಸಿಲಿಂಡರ್ ಇಟ್ಟುಕೊಳ್ಳುವುದು ದಂಡ. ವಲಯಕ್ಕೆ ಎರಡು, ತುಂಬಿದ್ದೊಂದು ಸದಾ ಸಿದ್ಧ, ಎನ್ನುವುದು ಜಾಣತನ.

ವಾಪಸಾತಿ ಅತ್ಯಂತ ಮುಜುಗರದ ಹಂತ. ರೋಗಿ ತೀರಿಕೊಂಡ ಮನೆಗೆ ಮಂಚ ಕೊಡಿ ಎಂದು ಫೋನ್ ಮಾಡುವುದು ಹೇಗೆ? ಮಾಡದಿದ್ದರೆ ಅದು ಅಟ್ಟ ಸೇರುತ್ತದೆ, ಪೈಪು ಇಲಿ ಪಾಲು. ತೀರಿಕೊಂಡ ಒಂದು ತಿಂಗಳಿಗೆ ಮಾಡುವ ಪೂಜೆಯ ಮರುದಿನ ಅದೇ ಇಬ್ಬರು ಭೇಟಿಗೆ ಹೋಗಿ, ಮನೆಯವರ ಜೊತೆ ಕೂತು ಮಾತಾಡಿ, ಬರುವಾಗ ತಂದುಬಿಡುವುದು ಸರಿಯಾದ ಪದ್ಧತಿ. ತಂದದ್ದನ್ನು ಸೋಪು ನೀರಿನಲ್ಲಿ ತೊಳೆದು, ಬ್ಲೀಚಿಂಗ್ ನೀರಿನಲ್ಲಿ ಒರೆಸಿ, ಬಿಸಿಲಲ್ಲಿ ಒಣಗಿಸಿಯೇ ಒಳಗಿಡಬೇಕು. ಈ ಭಾಗಕ್ಕೆ ಐದಕ್ಕೆ ಮೂರು. ಇದರಲ್ಲಿ ಅರ್ಧ ಅಂಕ ಕರುಣೆಯಿಂದ.

ಸರ್ಕಾರಿ ಸವಲತ್ತು ಕೊಡಿಸುವ ಕೆಲಸ ಇತ್ತೀಚೆಗೆ ಕಲಿತದ್ದು, ಆದರೆ ಕಾಸಿಗೆ ಹೆಚ್ಚು ಫಲ ಕೊಡುವುದು ಅದೇ. 65 ದಾಟಿದ ಅರ್ಹರಿಗೆ ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ 1,200 ರೂಪಾಯಿ ಬರುತ್ತದೆ, ಅರ್ಜಿ ನಾಡಕಚೇರಿಯಲ್ಲಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ. ತುರ್ತಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಮೊದಲು ಬೇಕು. ಪತ್ರವಿಲ್ಲದೆ ಖಾಸಗಿ ಆಸ್ಪತ್ರೆಗೆ ಸೇರಿಸಿ, ಬಿಲ್ಲು ಬಂದ ಮೇಲೆ ಚರ್ಚಿನ ಬಾಗಿಲು ತಟ್ಟುವವರು ಎಷ್ಟೋ ಮಂದಿ. ವಲಯಕ್ಕೊಬ್ಬ ನಿವೃತ್ತ ಗ್ರಾಮಲೆಕ್ಕಿಗರೋ ಶಿಕ್ಷಕರೋ ಈ ಕಾಗದಪತ್ರ ನೋಡಿಕೊಂಡರೆ ನಾಲ್ಕು ಚರ್ಚಿಗೂ ಸಾಕು.

ಇನ್ನು ಕೊಡುವವರಿಗೆ. ಪ್ರತಿ ಮೀಟಿಂಗ್‌ನ ಕೊನೆಗೆ ಬಟ್ಟೆ ಚೀಲವೊಂದು ಸುತ್ತು ಬರುತ್ತದೆ. ಸದಸ್ಯರು ಮುಷ್ಟಿ ಮುಚ್ಚಿ ಒಳಗಿಟ್ಟು ತೆಗೆಯುತ್ತಾರೆ, ಯಾರು ಎಷ್ಟು ಹಾಕಿದರೋ, ಹಾಕಿದರೋ ಇಲ್ಲವೋ ಯಾರಿಗೂ ತಿಳಿಯದು. ಗುಪ್ತ ಕಾಣಿಕೆ ಎನ್ನುವ ಈ ಕ್ರಮ ಬಲು ಚೆಂದ. ಹೊರಗಿನ ದಾನಿಗೆ ಮಾತ್ರ ರಶೀದಿ ಮುಖ್ಯ. ದಾನದ ಮೇಲಿನ ಆದಾಯ ತೆರಿಗೆ ರಿಯಾಯಿತಿ (ಜನ 80ಜಿ ಎನ್ನುವುದು) ಬೇಕಿದ್ದರೆ ರಶೀದಿ ಯಾವ ಸಂಸ್ಥೆಯ ನೋಂದಣಿಯಲ್ಲಿದೆ ಎಂದು ಮೊದಲೇ ಕೇಳಿ. 2,000 ರೂಪಾಯಿಗೆ ಮೇಲ್ಪಟ್ಟು ನಗದು ಕೊಟ್ಟರೆ ರಿಯಾಯಿತಿ ಇಲ್ಲ. ಗಲ್ಫ್‌ನಲ್ಲಿರುವ ಮಕ್ಕಳು ಹೊಸ ವ್ಹೀಲ್‌ಚೇರ್ ಕಳಿಸುತ್ತೇವೆ ಎನ್ನುತ್ತಾರೆ. ಬಹಳ ಕಡೆ ಕುರ್ಚಿ ಸಾಕಷ್ಟಿವೆ. ಇಲ್ಲದಿರುವುದು ಮುಂದಿನ ಚಕ್ರದ ಬೇರಿಂಗ್, ಬ್ರೇಕಿನ ರಬ್ಬರು, ಗಾಳಿ ಹಾಸಿಗೆಯ ಪಂಪು. ಹಳೆಯ ಬಟ್ಟೆ ಮೂಟೆ ದಯವಿಟ್ಟು ಬೇಡ, ವಿಂಗಡಿಸಲು ಜನ ಇಲ್ಲ. ಕ್ರಿಸ್ಮಸ್‌ಗೆಂದು ತೆಗೆದಿಟ್ಟದ್ದನ್ನು ಮೇ ತಿಂಗಳ ಕೊನೆಯ ವಾರ ಕೊಟ್ಟು ‘ಇದು ಜೂನ್‌ಗೆ’ ಎಂದು ಚೀಟಿಯಲ್ಲಿ ಬರೆದುಬಿಡಿ. ಬರೆಯದಿದ್ದರೆ ಖಜಾಂಚಿಯವರು ಅದನ್ನು ಜೋಪಾನವಾಗಿ ಡಿಸೆಂಬರ್‌ವರೆಗೆ ಇಟ್ಟುಕೊಂಡಿರುತ್ತಾರೆ.